ಕಾಡಿನ ತರಗೆಲೆ ಮತ್ತು ಮಣ್ಣಿನ ಸಾವಯವ ಪದಾರ್ಥ: ಸೊಪ್ಪಿನಬೆಟ್ಟಗಳ ಹಿನ್ನೆಲೆಯಲ್ಲಿ ಒಂದು ಅವಲೋಕನ

ಉತ್ತರ ಕನ್ನಡ ಹಾಗೂ ಶಿವಮೊಗ್ಗ ಜಿಲ್ಲೆಗಳ ಮಲೆನಾಡಿನಲ್ಲಿ ಅಡಿಕೆ ತೋಟಗಳಿಗೆ ಹೊಂದಿಕೊಂಡ ಕಾಡನ್ನು ಸೊಪ್ಪಿನಬೆಟ್ಟವೆಂದು ಕರೆಯುವುದು ರೂಢಿ. ಅಲ್ಲಿಂದ ಹಸಿಸೊಪ್ಪು ಮತ್ತು ದರಕನ್ನು ತರುವ ತೋಟಿಗರ ಹಕ್ಕನ್ನು ಬ್ರಿಟಿಷ್ ಆಡಳಿತವೂ ಮಾನ್ಯ ಮಾಡಿತ್ತು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಗಳವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಕ್ರಮವಿತ್ತು. ಕೊಟ್ಟಿಗೆಯಲ್ಲಿ ದನಗಳ ಕಾಲಡಿಯ ಹಾಸಾಗಿ, ಸಗಣಿ ಗಂಜಲಗಳೊಡನೆ ಬೆರೆತು ಗೊಬ್ಬರವಾಗುವ ಈ ದರಕು ತೋಟಕ್ಕೆ ಲಾಭವೆಂಬುದು ನಿರ್ವಿವಾದ. ಅದನ್ನು ಕಳೆದುಕೊಂಡ ಬೆಟ್ಟದ ಮಣ್ಣಿನ ಸ್ಥಿತಿಯೇನು ಎಂಬುದು ಬೇರೆಯೇ ಪ್ರಶ್ನೆ.

ಈ ಪ್ರಶ್ನೆ ಮಲೆನಾಡಿಗೆ ಮಾತ್ರ ಸೀಮಿತವಾದುದಲ್ಲ. ಜರ್ಮನಿಯ ಬವೇರಿಯಾದಲ್ಲಿಯೂ ರೈತರು ದನಗಳ ಹಾಸಿಗಾಗಿ ಕಾಡಿನ ತರಗನ್ನು ಗುಡಿಸಿ ಒಯ್ಯುತ್ತಿದ್ದರು. ಅರ್ನ್‌ಸ್ಟ್ ಎಬರ್‌ಮೇಯರ್ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರಿಂದ ಅರಣ್ಯದ ಮಣ್ಣಿಗೆ ಒದಗುವ ಹಾನಿಯನ್ನು ರಾಸಾಯನಿಕ ವಿಶ್ಲೇಷಣೆಯ ಆಧಾರದಿಂದ ವಿವರಿಸಿದ್ದಾನೆ.

ತರಗನ್ನು ತೆಗೆದರೆ ಮಣ್ಣು ಬಡವಾಗುವುದಾದರೆ, ಹೆಚ್ಚು ಹಾಕಿದರೆ ಅದೇ ಪ್ರಮಾಣದಲ್ಲಿ ಸಮೃದ್ಧವಾಗಬೇಕೆಂಬುದು ಸಹಜವಾದ ಊಹೆ. ಪ್ರಯೋಗಗಳು ಇದನ್ನು ಸಮರ್ಥಿಸಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಫ್ರಾನ್ಸಿಸ್ ಹೋಲ್ 1956ರಲ್ಲಿ ಆರಂಭಿಸಿದ ಪ್ರಯೋಗದ ಮಾದರಿಯಲ್ಲಿ ಹಾರ್ವರ್ಡ್ ಅರಣ್ಯದಲ್ಲಿ 1990ರಿಂದ ಕೆಲವು ತುಣುಕು ನೆಲಗಳಿಗೆ ಪ್ರತಿವರ್ಷ ಇಮ್ಮಡಿ ತರಗನ್ನು ಹಾಕಿ, ಕೆಲವುಗಳಿಂದ ತರಗನ್ನು ತೆಗೆದು, ಇನ್ನು ಕೆಲವುಗಳಿಗೆ ಬೇರುಗಳು ಬಾರದಂತೆ ತಡೆಯಲಾಯಿತು. ಎರಡು ದಶಕಗಳ ಬಳಿಕ, ತೆಗೆದ ಕಡೆ ಇಂಗಾಲ ಕುಗ್ಗಿತ್ತು. ಇಮ್ಮಡಿ ಹಾಕಿದ ಕಡೆ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಉಷ್ಣವಲಯಕ್ಕೆ ಸೇರಿದ ಪನಾಮದಲ್ಲಿ 2003ರಿಂದ ನಡೆದ ಇಂಥದೇ ಪ್ರಯೋಗದಲ್ಲಿಯೂ 15 ವರ್ಷಗಳ ಇಮ್ಮಡಿ ತರಗು ಮಣ್ಣಿನ ಒಟ್ಟು ಇಂಗಾಲದ ಸಂಗ್ರಹವನ್ನು ಹೆಚ್ಚಿಸಲಿಲ್ಲ. ನಷ್ಟಕ್ಕೂ ಗಳಿಕೆಗೂ ಇರುವ ಈ ಅಸಮತೆಯೇ ವಿಷಯದ ತಿರುಳು.

ಕಾರಣವನ್ನು ಸೂಕ್ಷ್ಮಜೀವಿಗಳಲ್ಲಿ ಹುಡುಕಬೇಕು. ಹೊಸ ತರಗಿನಿಂದ ಸುಲಭವಾಗಿ ಒದಗುವ ಆಹಾರವು ಅವುಗಳ ಚಟುವಟಿಕೆಯನ್ನು ಕೆರಳಿಸುತ್ತದೆ. ಆಗ ಅವು ಮಣ್ಣಿನಲ್ಲಿ ಮೊದಲೇ ಇದ್ದ ಹಳೆಯ ಸಾವಯವ ಪದಾರ್ಥವನ್ನೂ ವಿಭಜಿಸುತ್ತವೆ. ಸೇರಿದ ಇಂಗಾಲದ ಬಹುಭಾಗ ಉಸಿರಾಟದ ಮೂಲಕ ವಾಯುಮಂಡಲಕ್ಕೆ ಮರಳುತ್ತದೆ. ದೀರ್ಘಕಾಲ ಉಳಿಯುವುದು ಎಲೆಯ ಕೊಳೆಯದ ಶೇಷವೇ ಎಂಬ ಹಿಂದಿನ ತಿಳಿವಳಿಕೆಯೂ ಈಗ ಬದಲಾಗಿದೆ. ಉಳಿದುಕೊಳ್ಳುವ ಅಂಶದಲ್ಲಿ ಸತ್ತ ಸೂಕ್ಷ್ಮಜೀವಿಗಳ ಪಾಲು ದೊಡ್ಡದು. ಜೇಡಿಕಣಗಳಿಗೆ ಹಾಗೂ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳಿಗೆ ಅಂಟಿಕೊಂಡು ಅದು ರಕ್ಷಣೆ ಪಡೆಯುತ್ತದೆ. ಪಶ್ಚಿಮಘಟ್ಟದ ಕೆಂಪು ಜಂಬಿಟ್ಟಿಗೆ ಮಣ್ಣುಗಳಲ್ಲಿ ಈ ಆಕ್ಸೈಡುಗಳು ಹೇರಳವಾಗಿವೆ. ಬೇರುಗಳಿಂದ ಬರುವ ಇಂಗಾಲವಂತೂ ಖನಿಜಕಣಗಳ ಸಮೀಪದಲ್ಲಿಯೇ ಬಿಡುಗಡೆಯಾಗುವುದರಿಂದ, ನೆಲದ ಮೇಲಿನ ತರಗನ್ನಷ್ಟೇ ತೂಗಿ ಮಣ್ಣಿನ ಆರೋಗ್ಯವನ್ನು ನಿರ್ಧರಿಸುವುದು ಸಮಂಜಸವಲ್ಲ.

ನೆಲದ ಹಾಸು ದಪ್ಪವಾಗಿದ್ದರೆ ಮಣ್ಣು ಸಮೃದ್ಧವೆಂದು ಭಾವಿಸುವುದು ಇದಕ್ಕೆ ಹತ್ತಿರದ ತಪ್ಪು. ಹ್ಯಾನ್ಸ್ ಜೆನ್ನಿ ಮತ್ತು ಸಂಗಡಿಗರು 1949ರಲ್ಲಿಯೇ ವರ್ಷಕ್ಕೆ ಉದುರುವ ತರಗನ್ನು ನೆಲದಲ್ಲಿ ನಿಂತ ಹಾಸಿನೊಡನೆ ಹೋಲಿಸಿ ಕೊಳೆಯುವ ವೇಗವನ್ನು ಗಣಿಸಿದ್ದರು. ಆ ಲೆಕ್ಕದಂತೆ ದಪ್ಪ ಹಾಸು ನಿಧಾನಗತಿಯ ಕುರುಹು. ಮಲೆನಾಡು ಮತ್ತು ಕರಾವಳಿಯಲ್ಲಿ ವ್ಯಾಪಕವಾಗಿ ನೆಡಲಾದ ಅಕೇಶಿಯಾ ತೋಪುಗಳ ನೆಲ ಇದಕ್ಕೆ ಉದಾಹರಣೆ. ಎಲೆಯಂತೆ ಕಾಣುವ ಅದರ ಅಗಲಗೊಂಡ ತೊಟ್ಟುಗಳು ಗಡುಸಾದವು; ಅವು ದಟ್ಟವಾಗಿ ಬಿದ್ದು ಬಹುಕಾಲ ಹಾಗೆಯೇ ಉಳಿಯುತ್ತವೆ.

ಆದ್ದರಿಂದ ಸೊಪ್ಪಿನಬೆಟ್ಟದಲ್ಲಿ ಒಂದೆರಡು ವರ್ಷ ದರಕು ತೆಗೆಯದೆ ಬಿಟ್ಟರೆ ದಶಕಗಳ ನಷ್ಟ ತುಂಬಿಬರುವುದೆಂಬ ನಿರೀಕ್ಷೆಗೆ ಪ್ರಯೋಗಗಳ ಆಧಾರವಿಲ್ಲ. ಸರದಿಯಂತೆ ಬೆಟ್ಟದ ಭಾಗಗಳನ್ನು ಬಿಡುವುದಾದರೆ, ಅದರ ಪರಿಣಾಮವನ್ನು ಹಾಸಿನ ದಪ್ಪದಿಂದ ಅಳೆಯದೆ, ಖನಿಜಕಣಗಳಿಗೆ ಅಂಟಿದ ಇಂಗಾಲವನ್ನು ಪ್ರತ್ಯೇಕಿಸಿ, ರೂಢಿಯ 30 ಸೆಂಟಿಮೀಟರ್ ಆಳಕ್ಕಿಂತ ಕೆಳಗೂ ಇಳಿದು ಅಳೆಯಬೇಕಾಗುತ್ತದೆ.