ಹಿತ್ತಲಿಗೆ ಹಾಟ್ ಟಬ್ ಬೇಕೇ?

ಖಾನಾಪುರದ ಮಳೆ, ಬೆಳಗಾವಿಯ ಚಳಿ ಕಂಡ ನಿಮಗೆ ಬಿಸಿನೀರಿನ ಸುಖವನ್ನು ಹೇಳಿಕೊಡಬೇಕಾಗಿಲ್ಲ. ಆದರೆ ರಿಸಾರ್ಟಿನಲ್ಲಿ ಕಂಡ ಹಾಟ್ ಟಬ್ಬನ್ನು ಹಿತ್ತಲಿಗೆ ತರುವ ಮುನ್ನ ಲೆಕ್ಕ ಹಾಕಿ. ನಾಲ್ವರು ಕೂರುವ ಟಬ್ಬಿಗೆ ಸುಮಾರು 1000 ಲೀಟರ್, ಅಂದರೆ 20 ಲೀಟರಿನ 50 ಬಕೆಟ್ ನೀರು ಬೇಕು. ಅದನ್ನು 20 ಡಿಗ್ರಿಯಿಂದ 40ಕ್ಕೆ ಕಾಯಿಸಲು 23 ಯೂನಿಟ್ ವಿದ್ಯುತ್. ಬಿಸಿ ಉಳಿಸಲು ಮತ್ತಷ್ಟು. ಬೇಸಿಗೆಯಲ್ಲಿ ರಾಕಸಕೊಪ್ಪ ಜಲಾಶಯ ತಗ್ಗಿದಾಗ ನಳದ ನೀರಿಗೆ ಕಾದು ಕೂರುವವರು ನೀವೇ ಅಲ್ಲವೇ? ನೀರನ್ನು ದಿನವೂ ಬದಲಿಸಬೇಕಿಲ್ಲ ನಿಜ. ಆದರೆ ಕ್ಲೋರಿನ್ ಹಾಕಿ, ಫಿಲ್ಟರ್ ತೊಳೆಯುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ಹೇಳಬೇಕೇ!

ಅಕ್ಕಪಕ್ಕದ ತಾರಸಿಗಳಿಂದ ಮರೆಯಿಲ್ಲದ ಹಿತ್ತಲಲ್ಲಿ ಹೆಂಗಸರು ಇಳಿಯುವುದಾದರೂ ಹೇಗೆ? ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಇಳಿಯಲೇಬಾರದು. ಮುಚ್ಚಳಕ್ಕೆ ಬೀಗವಿಲ್ಲದಿದ್ದರೆ ಮಕ್ಕಳಿಗೆ ಪ್ರಾಣಾಪಾಯ. ಅತ್ತೆಯವರ ಮೊಣಕಾಲಿಗೆ ಶಾಖ ಬೇಕಿದ್ದರೆ ಬಿಸಿನೀರಿನ ಚೀಲ ಸಾಕು. ಉಳಿದ ಹಣಕ್ಕೆ ಸೋಲಾರ್ ಹಾಕಿಸಿ. ಮಳೆಗಾಲಕ್ಕೆ ಹಂಡೆ ಇದ್ದೇ ಇದೆ.