ಪಾವು ಇರಲಿ

ಮನೆಗೆ ಸುಣ್ಣಬಣ್ಣದ ಕಾಲ ಬಂದಾಗಲಲ್ಲದೆ ಗೃಹಸ್ಥರಿಗೆ ತಮ್ಮ ಆಸ್ತಿಯ ನಿಜವಾದ ಅಂದಾಜು ಸಿಕ್ಕುವುದಿಲ್ಲ. ಕಳೆದ ಬೇಸಗೆಯಲ್ಲಿ ಮೈಸೂರಿನ ನಮ್ಮ ಮನೆಯ ಅಡುಗೆಕೋಣೆಯನ್ನು ಬಣ್ಣದವರಿಗೆ ತೆರವು ಮಾಡಿಕೊಡಬೇಕಾಗಿ ಬಂದು, ಅಟ್ಟದ್ದು, ಕಪಾಟಿನದು, ಮೂಲೆಯದು ಎಲ್ಲವನ್ನೂ ತಂದು ನಡುಮನೆಯಲ್ಲಿ ಹರಡಿದೆವು. ಕಾಲಿಡಲು ಜಾಗವಿಲ್ಲದಾಯಿತು. ಈಳಿಗೆಮಣೆ ಮೂರು, ಚಕ್ಕುಲಿಯ ಒರಳು ನಾಲ್ಕು, ಸೌಟು ಹತ್ತೊಂಬತ್ತು. ಮುಚ್ಚಳಗಳಂತೂ ಪಾತ್ರೆಗಳಿಗಿಂತ ಹೆಚ್ಚು. ಉಣ್ಣುವವರು ನಾಲ್ವರು, ಇರುವ ಸರಂಜಾಮು ನಲವತ್ತು ಎಲೆಯ ಸಂತರ್ಪಣೆಗೆ ಸಾಲುವಂಥದು!

ಇಷ್ಟೆಲ್ಲ ಕೂಡಿದ್ದು ಹೇಗೆ? ಬೀಸುಕಲ್ಲಿನ ಕೆಲಸವನ್ನು ಗಿರಣಿ ವಹಿಸಿಕೊಂಡಿತು. ಒರಳಿನ ಕೆಲಸವನ್ನು ಮಿಕ್ಸರ್ ವಹಿಸಿಕೊಂಡಿತು. ಕೆಲಸ ಹೋಯಿತು, ಕಲ್ಲು ಹೋಗಲಿಲ್ಲ. ಇದರ ಮೇಲೆ ಮದುವೆ ಮುಂಜಿಗಳ ಉಡುಗೊರೆ. ಕೊಟ್ಟವರ ಹೆಸರನ್ನು ಪಾತ್ರೆಯ ಕಂಠದ ಮೇಲೆ ಕೊರೆಸುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಹೆಸರುಳ್ಳ ಪಾತ್ರೆಯನ್ನು ಆಚೆಗೆ ಕೊಟ್ಟರೆ ನೆಂಟರನ್ನೇ ಹೊಸ್ತಿಲು ದಾಟಿಸಿದಂತಾದೀತೆಂಬ ಅಳುಕು.

ಆರಿಸಲು ಒಂದು ಕ್ರಮ ಬೇಕೆಂದು ಮೂರು ಪ್ರಶ್ನೆಗಳನ್ನು ಕಟ್ಟಿಕೊಂಡೆ. ಇದನ್ನು ಕಳೆದ ಒಂದು ವರ್ಷದಲ್ಲಿ ಕೈ ಮುಟ್ಟಿತೆ? ಇದರ ಕೆಲಸವನ್ನು ಮಾಡಬಲ್ಲ ಮತ್ತೊಂದು ಮನೆಯಲ್ಲಿದೆಯೆ? ಇದನ್ನು ಎತ್ತುವ, ತಿಕ್ಕುವ ಶಕ್ತಿ ಈಗಿನ ಕೈಗಳಿಗಿದೆಯೆ? ಎಂಬತ್ತನಾಲ್ಕು ವರ್ಷದ ನಮ್ಮತ್ತೆಯವರು ಕುರ್ಚಿಯ ಮೇಲೆ ಕುಳಿತು ನೋಡುತ್ತಿದ್ದರು. ಅವರ ಕಣ್ಣು ಮಂಜಾಗಿ ಒಲೆಯ ಬಳಿ ಹೋಗದೆ ಎರಡು ವರ್ಷವಾಗಿತ್ತು. ಅಡುಗೆಮನೆ ಅವರದು, ವಿಲೇವಾರಿ ನನ್ನದು. ಪ್ರತಿಯೊಂದನ್ನು ಎತ್ತುವಾಗಲೂ ನನಗೆ ಕೈ ನಡುಗುತ್ತಿತ್ತೆಂದರೆ ಸುಳ್ಳಲ್ಲ.

ಕೆಲವು ತೀರ್ಮಾನಗಳು ಸುಲಭವಾದುವು. ಹಿತ್ತಾಳೆಯ ದೊಡ್ಡ ತಪ್ಪಲೆಗಳು ನೋಡಲು ಬಂಗಾರದಂತಿದ್ದುವು. ಆದರೆ ಒಳಗಿನ ಕಲಾಯಿ ಸವೆದು ಎಷ್ಟೋ ಕಾಲವಾಗಿತ್ತು. ಹುಣಿಸೆಹಣ್ಣಿನ ಹುಳಿ ತಾಮ್ರ ಹಿತ್ತಾಳೆಗಳನ್ನು ತಿನ್ನುತ್ತದೆ. ಆ ತಿಂದದ್ದು ಸಾರಿನೊಡನೆ ನಮ್ಮ ಹೊಟ್ಟೆಗೆ ಬರುತ್ತದೆ. ಅದನ್ನು ತಡೆಯಲೆಂದೇ ಪಾತ್ರೆಯನ್ನು ಕಾಯಿಸಿ, ನವಸಾಗರದಿಂದ ಉಜ್ಜಿ, ತವರದ ಲೇಪ ಕೊಡುತ್ತಿದ್ದರು. ಕಲಾಯಿಯವನ ಕೂಗು ನಮ್ಮ ಬೀದಿಯಲ್ಲಿ ಕೇಳಿ ವರ್ಷಗಳಾದುವು. ನೀರು ತುಂಬುವ ಕೊಡವೊಂದನ್ನು ಬಿಟ್ಟು ಉಳಿದುವು ಹೊರಟುವು. ಮೇಲಿನ ಪೊರೆ ಗೀರುಗಟ್ಟಿ ಎದ್ದಿದ್ದ ನಾನ್‌ಸ್ಟಿಕ್ ಕಾವಲಿ ಹೋಯಿತು. ಕಬ್ಬಿಣದ ಹಳೆಯ ಕಾವಲಿ ಉಳಿಯಿತು. ಕಬ್ಬಿಣಕ್ಕೆ ಎಣ್ಣೆಯೇ ಕಾದು ಕಾದು ಗಟ್ಟಿಯಾಗಿ ಪೊರೆ ಕಟ್ಟುತ್ತದೆ. ಆ ಪೊರೆ ಕಿತ್ತರೆ ಮತ್ತೆ ಎಣ್ಣೆ ಸವರಿ ಕಟ್ಟಿಕೊಳ್ಳಬಹುದು. ಬಳಪದ ಕಲ್ಲಿನ ಮರಿಗೆಯೂ ಉಳಿಯಿತು. 1117ರಲ್ಲಿ ಬೇಲೂರಿನ ಗುಡಿಯನ್ನು ಕಟ್ಟಲು ತೊಡಗಿದ ಶಿಲ್ಪಿಗಳ ಉಳಿಗೆ ಒದಗಿದ್ದು ಈ ಜಾತಿಯ ಮೃದುವಾದ ಕಲ್ಲೇ. ಹುಳಿ ಅದನ್ನು ಮುಟ್ಟದು; ಒಲೆಯಿಂದಿಳಿಸಿದ ಮೇಲೂ ಗೊಜ್ಜು ಅದರಲ್ಲಿ ಬಹಳ ಹೊತ್ತು ಕುದಿಯುತ್ತಿರುತ್ತದೆ.

ಬೀಸುಕಲ್ಲಿನ ಬಳಿ ಬಂದಾಗ ನನ್ನ ಮೂರು ಪ್ರಶ್ನೆಗಳೂ ಸೋತುವು. ಮೂರಕ್ಕೂ ಉತ್ತರ 'ಕೊಟ್ಟುಬಿಡು' ಎಂದೇ. ಆದರೂ ಮನಸ್ಸು ಒಪ್ಪಲಿಲ್ಲ. ನಮ್ಮ ನಾಡಿನ ಹೆಂಗಸರ ಎಷ್ಟು ಹಾಡುಗಳು ಆ ಕಲ್ಲಿನ ಮುಂದೆ ಹುಟ್ಟಿಲ್ಲ! ಶಾಲೆಯಲ್ಲಿ ಜನಪದ ಸಾಹಿತ್ಯದ ಪಾಠ ಹೇಳಿದ ನಾನು ಅದನ್ನು ಗುಜರಿಗೆ ಕೊಡಲೆ? "ಇದು ಇರಲಿ ಅಮ್ಮ, ಹಾಡಿನ ನೆನಪಿಗೆ" ಎಂದೆ.

ಅತ್ತೆಯವರು ನಕ್ಕರು. "ಬೀಸಿದವಳು ನಾನು, ನೀನಲ್ಲ. ಹಾಡು ಚೆನ್ನಾಗಿತ್ತು ಅಂತ ನೀವೆಲ್ಲ ಹೇಳುತ್ತೀರಿ. ಹಾಡದಿದ್ದರೆ ತೋಳಿನ ನೋವು ತಡೆಯುತ್ತಿರಲಿಲ್ಲ, ಅದಕ್ಕೆ ಹಾಡಿದ್ದು. ಕೊಟ್ಟುಬಿಡು."

ನಾನು ಮಾತಾಡಲಿಲ್ಲ. ಪರರ ದುಡಿಮೆಯನ್ನು ನಾವು ಅಲಂಕಾರವಾಗಿ ಮೂಲೆಯಲ್ಲಿಟ್ಟು ಪೂಜಿಸುತ್ತೇವೆ. ದುಡಿದವರಿಗೆ ಅದರಿಂದ ಬಿಡುಗಡೆಯೇ ಹಬ್ಬ. ಕಲ್ಲು ಹೋಯಿತು. ಹೆಸರು ಕೊರೆದ ಪಾತ್ರೆಗಳು ಊರಿನ ಒಂದು ವಿದ್ಯಾರ್ಥಿನಿಲಯಕ್ಕೆ ಹೋದುವು. ನಮ್ಮ ನೆಂಟರೆಲ್ಲ ಅಲ್ಲಿ ಈಗ ದಿನವೂ ಹುಡುಗರಿಗೆ ಬಡಿಸುತ್ತಿದ್ದಾರೆಂದುಕೊಂಡು ಸಮಾಧಾನ ಪಟ್ಟೆ.

ಸಂಜೆಗೆ ಗುಜರಿಯವನ ಚೀಲ ತುಂಬಿತ್ತು. ಅತ್ತೆಯವರು ಇದ್ದಕ್ಕಿದ್ದಂತೆ, "ಪಾವು ಎಲ್ಲಿ?" ಎಂದರು. ನಾನು ಅದನ್ನು ಚೀಲಕ್ಕೆ ಹಾಕಿದ್ದೆ. ಸೇರಿನ ಕಾಲು ಭಾಗ ಹಿಡಿಸುವ, ಕಂಠ ಸವೆದ ಹಿತ್ತಾಳೆಯ ಅಳತೆ. 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದು, 1960ರ ದಶಕದಲ್ಲಿ ಸೇರು ಪಾವುಗಳು ವ್ಯಾಪಾರದಿಂದ ಅಧಿಕೃತವಾಗಿ ನಿವೃತ್ತವಾದುವು. ಮನೆಯಲ್ಲಿ ವಿದ್ಯುತ್ ತಕ್ಕಡಿಯಿರುವಾಗ ಇದೇತಕ್ಕೆಂದು ನನ್ನ ವಾದ.

"ಸಾರಿನ ಪುಡಿಗೆ ಕೊತ್ತಂಬರಿ ಬೀಜ ಎಷ್ಟು, ಹೇಳು ನೋಡೋಣ" ಎಂದರು. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಅವರು ಮಾಡಿದ ಪುಡಿಯನ್ನು ಬಳಸಿದ್ದೆನೇ ಹೊರತು ಕೇಳಿರಲಿಲ್ಲ. ಗೋಪುರವಾಗಿ ನಾಲ್ಕು ಪಾವು ಕೊತ್ತಂಬರಿ, ಕಂಠಕ್ಕೆ ಸರಿಯಾಗಿ ಸವರಿದ ಒಂದು ಪಾವು ಜೀರಿಗೆ, ಮೆಣಸು ಅದರ ಅರ್ಧ. ಅವರ ವಿದ್ಯೆಯೆಲ್ಲ ಆ ಸವೆದ ಬಾಯಿಯ ಅಳತೆಯಲ್ಲಿ ನಿಂತಿತ್ತು. ಬೇರೊಂದು ಪಾವು ತಂದರೆ ಅದೇ ಹದ ಬರುವ ಭರವಸೆಯಿಲ್ಲ. ನನ್ನ ಮೂರು ಪ್ರಶ್ನೆಗಳಲ್ಲಿ ಒಂದು ಕಡಮೆಯಾಗಿತ್ತು: ಇದು ಹೋದರೆ ಇದರೊಡನೆ ಮತ್ತೇನು ಹೋಗುತ್ತದೆ?

ಅಂದೇ ಚೀಲದಿಂದ ಪಾವನ್ನು ತೆಗೆದು ತೊಳೆದೆ. ಅತ್ತೆಯವರು ಕೈಯಿಂದ ಗೋಪುರ ಕಟ್ಟಿ ತೋರಿಸಿದರು. ಒಂದೊಂದು ಪಾವನ್ನೂ ತಕ್ಕಡಿಗೆ ಸುರಿದು ಗ್ರಾಮಿನಲ್ಲಿ ಬರೆದುಕೊಂಡೆ. ಬರೆದು ಮುಗಿದ ಮೇಲೆ, "ಇನ್ನು ಪಾವು ಬೇಡವಲ್ಲ?" ಎಂದು ತಮಾಷೆಗೆ ಕೇಳಿದೆ.

"ಇರಲಿ" ಎಂದರು. "ನೀನು ತಪ್ಪು ಬರೆದುಕೊಂಡಿದ್ದರೆ, ನಾಳೆ ಕೇಳುವುದು ಯಾರನ್ನು?"