ಮೀನಿನ ತೊಟ್ಟಿಗೆ ಬೋರ್ ನೀರು: ನೈಟ್ರೇಟ್ ಏಕೆ ಇಳಿಯುವುದಿಲ್ಲ?

ಮೀನು ಕಿವಿರುಗಳಿಂದ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಅದೇ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲ ಎರಡೂ ಅಲ್ಪ ಪ್ರಮಾಣದಲ್ಲೇ ವಿಷ. ನೈಟ್ರೇಟ್ ಅಷ್ಟು ಕಟುವಲ್ಲ, ಆದರೆ ತೊಟ್ಟಿಯಲ್ಲಿ ಕೂಡುತ್ತಲೇ ಹೋಗುತ್ತದೆ. ಲೀಟರಿಗೆ 40 ಮಿಲಿಗ್ರಾಂ ದಾಟದಿರಲಿ, 20ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ಮೀನು ಸಾಕುವವರ ವಾಡಿಕೆ. ಫಿಲ್ಟರ್ ಚೆನ್ನಾಗಿದ್ದರೆ ನೈಟ್ರೇಟ್ ಹೋಗುತ್ತದೆಂದು ಹಲವರು ತಿಳಿದಿರುತ್ತಾರೆ. ಫಿಲ್ಟರ್ ಅದನ್ನು ತೆಗೆಯುವುದಿಲ್ಲ, ತಯಾರಿಸುತ್ತದೆ!

ಹಾಗಾದರೆ ನೀರು ಬದಲಾಯಿಸಿ ಎನ್ನುತ್ತಾರೆ. ಸರಿಯಾದ ಮಾತೇ, ಆದರೆ ಹೊಸ ನೀರು ಎಲ್ಲಿಯದು ಎಂಬುದನ್ನು ಯಾರೂ ಕೇಳುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಗೌರಿಬಿದನೂರು ಕಡೆಯ ಕುಡುಮಲಕುಂಟೆಯಂಥ ಊರುಗಳ ಬದುಕು ನಿಂತಿರುವುದೇ ಬೋರ್ ನೀರಿನ ಮೇಲೆ. ಹೊಲಕ್ಕೆ ಸುರಿದ ಯೂರಿಯಾ, ಹಿತ್ತಿಲ ತಿಪ್ಪೆ, ಶೌಚದ ಗುಂಡಿ, ಇವುಗಳಿಂದ ನೈಟ್ರೇಟ್ ಮಳೆನೀರಿನ ಜೊತೆ ಕೆಳಗಿಳಿಯುತ್ತದೆ. ಮಣ್ಣಿನ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಈ ಮಿತಿಯನ್ನು ಮೀರಿದ್ದವು. ಬಯಲುಸೀಮೆಯಲ್ಲಿ ಫ್ಲೋರೈಡ್ ಎಂದರೆ ಎಲ್ಲರಿಗೂ ಗೊತ್ತು. ನೈಟ್ರೇಟ್ ಬಗ್ಗೆಯೂ ಅಷ್ಟೇ ಮಾತಾಗಬೇಕಿದೆ.

ಈಗ ಲೆಕ್ಕ. ಇದನ್ನು ಕಾಗದದ ಮೇಲೆ ನೀವೇ ಮಾಡಿ ನೋಡಬೇಕು, ಅಷ್ಟು ಸೊಗಸಾಗಿದೆ. ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಹುಟ್ಟುತ್ತದೆ, ನೀವು ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಾಯಿಸುತ್ತೀರಿ ಎಂದುಕೊಳ್ಳಿ. ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೆ ಅಳತೆ ಮೆಲ್ಲಗೆ ಏರಿ 40ರಲ್ಲಿ ನಿಲ್ಲುತ್ತದೆ: ಬದಲಾಯಿಸಿದಾಗ 30, ವಾರ ಕಳೆದರೆ ಮತ್ತೆ 40. ಬೋರ್ ನೀರಿನಲ್ಲೇ 45 ಇದ್ದರೆ? ಆಗ ಅದು ನಿಲ್ಲುವುದು 85ರಲ್ಲಿ. ಪ್ರತಿ ವಾರ ಅರ್ಧ ತೊಟ್ಟಿ ಖಾಲಿ ಮಾಡಿದರೂ 65. ಇಡೀ ನೀರು ಚೆಲ್ಲಿ ತುಂಬಿದರೂ 45ಕ್ಕಿಂತ ಕೆಳಗೆ ಬಾರದು. ಮಜ್ಜಿಗೆಗೆ ನೀರು ಬೆರೆಸಿದರೆ ತೆಳುವಾಗುತ್ತದೆ, ಮಜ್ಜಿಗೆಯನ್ನೇ ಬೆರೆಸಿದರೆ ಹೇಗೆ ತೆಳುವಾದೀತು?

ನೀರನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಹೋದೀತು, ನೈಟ್ರೇಟ್ ಹೋಗದು. ಕುದಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಇದು ಮೀನಿಗಿಂತ ಹಸುಗೂಸಿನ ವಿಷಯದಲ್ಲಿ ಮುಖ್ಯ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಆರು ತಿಂಗಳೊಳಗಿನ ಮಗು ನೀಲಿಗಟ್ಟಬಹುದು. ಕುದಿಸಿದ ನೀರೆಂದು ಧೈರ್ಯ ತಾಳಬೇಡಿ.

ದಾರಿ ಇದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಆರ್‌ಒ ಯಂತ್ರವಿದ್ದರೆ ಅದು ನೈಟ್ರೇಟಿನ ಬಹುಪಾಲನ್ನು ತಡೆಯುತ್ತದೆ. ಆ ಕ್ಯಾನ್ ನೀರನ್ನೂ ಬೋರ್ ನೀರನ್ನೂ ಸಮಸಮ ಬೆರೆಸಿ ಹಾಕಿ; ಬರೀ ಆರ್‌ಒ ನೀರಿನಲ್ಲಿ ಮೀನಿಗೆ ಬೇಕಾದ ಲವಣಗಳಿರುವುದಿಲ್ಲ. ಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಪೋಲಾಗುತ್ತದೆಂದು ತೊಟ್ಟಿಗೆ ಹಾಕುವವರಿದ್ದಾರೆ. ಅದು ಬೇಡವೇ ಬೇಡ, ತಡೆದ ನೈಟ್ರೇಟ್ ಇರುವುದು ಅದರಲ್ಲೇ. ಬಹುಕಾಲ ಹೆಚ್ಚು ನೈಟ್ರೇಟಿಗೆ ಒಗ್ಗಿದ ಮೀನಿಗೆ ಬದಲಾವಣೆ ಹಂತಹಂತವಾಗಿರಲಿ. ಮನಿ ಪ್ಲಾಂಟಿನ ಬೇರು ನೀರಿನೊಳಗೆ, ಎಲೆ ಹೊರಗೆ ಇರುವಂತೆ ತೊಟ್ಟಿಯ ಅಂಚಿಗೆ ಸಿಕ್ಕಿಸಿ. ಬೆಳೆದ ಬಳ್ಳಿಯನ್ನು ಕತ್ತರಿಸಿ ತೆಗೆದಾಗ ಸಾರಜನಕ ನಿಜಕ್ಕೂ ತೊಟ್ಟಿಯಿಂದ ಹೊರಹೋಗುತ್ತದೆ. ಕೊಳೆತ ಎಲೆ ಒಳಗೇ ಬಿದ್ದಿದ್ದರೆ ಅಷ್ಟೂ ವಾಪಸ್. ಆಹಾರವೂ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟಿರಲಿ.

ತೊಟ್ಟಿಗಿಂತ ಮೊದಲು ನಲ್ಲಿ ನೀರನ್ನು ಪರೀಕ್ಷಿಸಿ. ನೈಟ್ರೇಟ್ ಅಳೆಯುವ ದ್ರವದ ಕಿಟ್‌ನ ಎರಡನೇ ಬಾಟಲಿಯಲ್ಲಿ ಪುಡಿ ತಳಕಟ್ಟಿರುತ್ತದೆ. ಜೋರಾಗಿ ಅರ್ಧ ನಿಮಿಷ ಕುಲುಕದಿದ್ದರೆ ಅಳತೆ ಸುಳ್ಳೇ ಕಡಿಮೆ ತೋರುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ‘ನೈಟ್ರೇಟ್ ರೂಪದ ಸಾರಜನಕ’ ಎಂದು 10 ಬರೆದಿದ್ದರೆ ಅದು ನೈಟ್ರೇಟಿನಲ್ಲಿ ಸುಮಾರು 44ಕ್ಕೆ ಸಮ. ಜಲಜೀವನ್ ಮಿಷನ್ ಕೊಟ್ಟ ಪರೀಕ್ಷಾ ಕಿಟ್ ಇದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಮುಂಗಾರಿಗೆ ಮೊದಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಅದೇ ಬೋರ್ ನೀರನ್ನು ಅಳೆದು, ತಾರೀಖು, ಬೋರ್‌ನ ಆಳ, ತಿಪ್ಪೆಯಿಂದ ಅದಕ್ಕಿರುವ ದೂರ ಬರೆದಿಡಿ. ಶಾಲೆಯ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ.